ಸಾಫ್ಟ್‌ವೇರ್ ಹೊಸದಾಯಿತು, ಗಲ್ಲಾದ ಬೀಗ ಎಲ್ಲಿ ಹೋಯಿತು?



ವರ್ಷಕ್ಕೆ ಒಂದೆರಡು ಸಲವಾದರೂ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯವರ ಫೋನ್ ಬರುತ್ತದೆ. ಹೊಸ ವರ್ಷನ್ ಬಂದಿದೆ, ಇವತ್ತು ರಾತ್ರಿ ಅಪ್‌ಗ್ರೇಡ್ ಮಾಡುತ್ತೇವೆ, ಕಂಪ್ಯೂಟರ್ ಬಂದ್ ಮಾಡಬೇಡಿ ಎನ್ನುತ್ತಾರೆ. ನಾವು ಆಯಿತು ಎನ್ನುತ್ತೇವೆ. ಬೆಳಿಗ್ಗೆ ಬಂದು ನೋಡಿದರೆ ಸ್ಕ್ರೀನಿನ ಬಣ್ಣ ಬದಲಾಗಿರುತ್ತದೆ, ಬಟನುಗಳು ಅತ್ತಿತ್ತ ಹೋಗಿರುತ್ತವೆ. ಒಂದು ಬಿಲ್ ಹೊಡೆದು ನೋಡುತ್ತೇವೆ. ಬಿಲ್ ಬಂತು, ಮೊತ್ತ ಸರಿ ಇದೆ. ಅಲ್ಲಿಗೆ ನಮ್ಮ ಪರೀಕ್ಷೆ ಮುಗಿಯಿತು, ಸಾಂಬಾರಿಗೆ ಉಪ್ಪು ನೋಡಲು ಅಡಿಗೆಮನೆಗೆ ಹೋಗುತ್ತೇವೆ.

ಆದರೆ ಆ ಒಂದು ರಾತ್ರಿಯಲ್ಲಿ ಯಾರ ಕೈಯಲ್ಲಿ ಯಾವ ಕೀಲಿ ಇತ್ತೋ ಅದು ಬದಲಾಗಿರಲೂಬಹುದು. ಸಪ್ಲೈಯರ್ ಹುಡುಗನ ನಂಬರಿನಲ್ಲಿ ಬಿಲ್ ಕ್ಯಾನ್ಸಲ್ ಮಾಡುವ ಬಟನ್ ಬಂದಿರಬಹುದು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಊರಿಗೆ ಹೋದವನ ಲಾಗಿನ್ ಮತ್ತೆ ಜೀವ ತಳೆದಿರಬಹುದು. ಇದನ್ನೇ ಕಂಪ್ಯೂಟರಿನವರು ಅಪ್‌ಗ್ರೇಡ್‌ನಿಂದ ಬಂದ ಲಾಗಿನ್ ದೋಷ ಎನ್ನುತ್ತಾರೆ. ನಾನು ಎಸ್ಸೆಸ್ಸೆಲ್ಸಿ ತನಕ ಓದಿದವನು, ಕಂಪ್ಯೂಟರ್ ವಿದ್ಯೆ ಕಲಿತವನಲ್ಲ. ಆದರೆ ಹೋಟೆಲ್ ಇರುವುದು ಮಗರಪಟ್ಟಾದಲ್ಲಿ. ಮಗರ ಮನೆತನದ ರೈತರು ತಮ್ಮ 400 ಎಕರೆಗೂ ಮಿಕ್ಕಿದ ಜಮೀನನ್ನು ಮಾರದೆ ಒಟ್ಟುಗೂಡಿಸಿ ಊರು ಕಟ್ಟಿದ ಜಾಗ ಇದು. ಅಲ್ಲಿನ ಸೈಬರ್‌ಸಿಟಿಯ ಹುಡುಗ ಹುಡುಗಿಯರೇ ನಮ್ಮ ಗಿರಾಕಿಗಳು. ಮಸಾಲೆ ದೋಸೆ ತಿನ್ನುತ್ತಾ ಅವರು ಮಾತಾಡುವುದೆಲ್ಲ ಇದೇ ವಿಷಯ. ಕೇಳಿ ಕೇಳಿ, ಗೊತ್ತಾಗದ್ದನ್ನು ಮತ್ತೆ ಕೇಳಿ, ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಲಾಗಿನ್ ಎಂದರೆ ಒಂದೇ ಕೆಲಸ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಎರಡು ಕೆಲಸ. ಬಂದವನು ಯಾರು ಎಂದು ಗುರುತಿಸುವುದು ಮೊದಲನೆಯದು. ಗುರುತು ಸಿಕ್ಕ ಮೇಲೆ ಅವನು ಎಲ್ಲಿಯ ತನಕ ಹೋಗಬಹುದು ಎಂದು ತೀರ್ಮಾನಿಸುವುದು ಎರಡನೆಯದು. ಬೆಳಗಿನ ಜಾವ ಹಾಲಿನವನು ಬಂದರೆ ಗುರುತು ನೋಡಿ ಹಿಂಬಾಗಿಲು ತೆರೆಯುತ್ತೇವೆ. ಹಾಗೆಂದು ಅವನು ಉಗ್ರಾಣಕ್ಕೆ ನುಗ್ಗಿ ಗೋಡಂಬಿ ಡಬ್ಬ ತೆರೆಯುವಂತಿಲ್ಲ. ಭಟ್ಟರಿಗೆ ಉಗ್ರಾಣ ಇದೆ, ಗಲ್ಲಾ ಇಲ್ಲ. ಕ್ಯಾಷಿಯರಿಗೆ ಗಲ್ಲಾ ಇದೆ, ತಿಂಗಳ ಲಾಭದ ಲೆಕ್ಕ ಇಲ್ಲ. ಸಾಫ್ಟ್‌ವೇರಿನಲ್ಲೂ ಹೀಗೆಯೇ. ಪಾಸ್‌ವರ್ಡ್ ಸರಿ ಇದೆಯೇ ಎಂಬುದು ಒಂದು ಬೀಗ, ಪಾಸ್‌ವರ್ಡ್ ಸರಿ ಇದ್ದವನಿಗೆ ಯಾವ ಕೋಣೆ ಎಂಬುದು ಇನ್ನೊಂದು ಬೀಗ. ಅಪ್‌ಗ್ರೇಡ್‌ನಲ್ಲಿ ಎರಡರಲ್ಲಿ ಯಾವುದು ಬೇಕಾದರೂ ಸಡಿಲವಾಗಬಹುದು.

ಹೇಗೆ ಸಡಿಲವಾಗುತ್ತದೆ? ನಮ್ಮ ಹಾಜರಿ ಪುಸ್ತಕವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಳೆಯ ಪುಸ್ತಕದಲ್ಲಿ ಹೆಸರು, ಹುದ್ದೆ ಎಂಬ ಎರಡೇ ಕಾಲಂ ಇದ್ದವು. ಹೊಸ ವರ್ಷನ್‌ನಲ್ಲಿ ಇವನು ಬಿಲ್ ಕ್ಯಾನ್ಸಲ್ ಮಾಡಬಹುದೇ, ಡಿಸ್ಕೌಂಟ್ ಕೊಡಬಹುದೇ, ನಿನ್ನೆಯ ಬಿಲ್ ತೆರೆಯಬಹುದೇ, ರೇಟು ಬದಲಿಸಬಹುದೇ ಎಂದು ಹತ್ತು ಹೊಸ ಕಾಲಂ ಬಂದವು. ಹಳೆಯ ಹೆಸರುಗಳನ್ನು ಹೊಸ ಪುಸ್ತಕಕ್ಕೆ ಇಳಿಸುವಾಗ ಈ ಹತ್ತು ಕಾಲಂಗಳಲ್ಲಿ ಏನು ಬರೆಯಬೇಕು? ಹಳೆಯ ಪುಸ್ತಕದಲ್ಲಿ ಉತ್ತರವೇ ಇಲ್ಲ. ಎಲ್ಲದಕ್ಕೂ ‘ಇಲ್ಲ’ ಎಂದು ಬರೆದರೆ ಮರುದಿನ ಬೆಳಿಗ್ಗೆ ಏಳಕ್ಕೆ ಊರಿನ ಎಲ್ಲ ಹೋಟೆಲುಗಳಿಂದ ಕಂಪನಿಗೆ ಫೋನ್, ನಮ್ಮ ಮ್ಯಾನೇಜರಿಗೆ ಡಿಸ್ಕೌಂಟ್ ಕೊಡಲು ಆಗುತ್ತಿಲ್ಲ ಎಂದು. ‘ಹೌದು’ ಎಂದು ಬರೆದರೆ ಒಂದೂ ಫೋನ್ ಬರುವುದಿಲ್ಲ. ಕೆಲಸದ ಒತ್ತಡದಲ್ಲಿರುವ ಹುಡುಗ ಯಾವುದನ್ನು ಬರೆಯುತ್ತಾನೆ ಎಂದು ನಾನು ಹೇಳಬೇಕಾಗಿಲ್ಲ.

ಇದಲ್ಲದೆ ಇನ್ನೂ ಕೆಲವು ದಾರಿಗಳಿವೆ. ಸಾಫ್ಟ್‌ವೇರ್ ಹೊಸದಾಗಿ ಕೂರಿಸುವಾಗ ಕಂಪನಿಯವರದೇ ಒಂದು ಲಾಗಿನ್ ಇರುತ್ತದೆ, ಪಾಸ್‌ವರ್ಡ್ 1234 ಎಂಬಂಥದ್ದು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯುತ್ತಾರೆ. ಬ್ಯಾಕಪ್‌ನಿಂದ ಹಳೆಯ ಪಟ್ಟಿ ಎತ್ತಿ ಹಾಕಿದಾಗ, ನಾವು ಅಳಿಸಿದ್ದ ಹೆಸರುಗಳು ವಾಪಸು ಬರುತ್ತವೆ. ಎಲ್ಲಕ್ಕಿಂತ ಗೊತ್ತಾಗದ ದಾರಿ ಎಂದರೆ ಹೊಸ ಬಾಗಿಲು. ಅಪ್‌ಗ್ರೇಡ್ ಜೊತೆಗೆ ಮಾಲೀಕರಿಗೊಂದು, ಕ್ಯಾಪ್ಟನಿಗೊಂದು ಮೊಬೈಲ್ ಆ್ಯಪ್ ಕೊಡುತ್ತಾರೆ. ಗಲ್ಲಾದ ಕಂಪ್ಯೂಟರಿನಲ್ಲಿ ಬೀಗ ಮೊದಲಿನಂತೆ ಭದ್ರ. ಅದೇ ಲೆಕ್ಕವನ್ನು ಮೊಬೈಲ್ ಬಾಗಿಲಿನಿಂದ ನೋಡಿದರೆ ಬೀಗವೇ ಹಾಕಿರುವುದಿಲ್ಲ.

ಇದೆಲ್ಲ ಸಣ್ಣ ಕಂಪನಿಗಳ ಕಥೆ, ದೊಡ್ಡವರಲ್ಲಿ ಹೀಗಾಗದು ಎಂದು ಕೆಲವರು ನನಗೆ ವಾದ ಮಾಡಿದ್ದಾರೆ. ದೊಡ್ಡವರ ಕಥೆಗಳನ್ನೇ ನೋಡೋಣ.

ಡ್ರಾಪ್‌ಬಾಕ್ಸ್ ಎಂಬ ಅಮೆರಿಕದ ಕಂಪನಿ ಜನರ ಫೈಲು, ಫೋಟೊಗಳನ್ನು ಇಂಟರ್‌ನೆಟ್‌ನಲ್ಲಿ ಇಟ್ಟುಕೊಡುತ್ತದೆ. 2011ರ ಜೂನ್ 19ರಂದು, ಭಾನುವಾರ, ಅವರು ತಮ್ಮ ಪ್ರೋಗ್ರಾಮಿನಲ್ಲಿ ಒಂದು ಬದಲಾವಣೆ ಮಾಡಿದರು. ಆ ಬದಲಾವಣೆಯಿಂದ ಪಾಸ್‌ವರ್ಡ್ ನೋಡುವ ಕೆಲಸವೇ ನಿಂತುಹೋಯಿತು. ಯಾರದೇ ಇಮೇಲ್ ವಿಳಾಸ ಹಾಕಿ, ಪಾಸ್‌ವರ್ಡ್ ಜಾಗದಲ್ಲಿ ಏನು ಬೇಕಾದರೂ ಬರೆದರೆ ಖಾತೆ ತೆರೆಯುತ್ತಿತ್ತು. ಸುಮಾರು ನಾಲ್ಕು ಗಂಟೆ ಹೀಗೇ ಇತ್ತು. ಗೊತ್ತಾದ ಮೇಲೆ ಐದೇ ನಿಮಿಷದಲ್ಲಿ ಸರಿ ಮಾಡಿದರು. ಆ ಹೊತ್ತಿನಲ್ಲಿ ಲಾಗಿನ್ ಆದವರು ಶೇಕಡ 1ಕ್ಕಿಂತ ಕಡಿಮೆ ಎಂದು ಕಂಪನಿ ಹೇಳಿತು. ಸರಿ ಮಾಡಲು ಐದು ನಿಮಿಷ, ಗೊತ್ತಾಗಲು ನಾಲ್ಕು ಗಂಟೆ, ಇದನ್ನು ಗಮನಿಸಿ.

2017ರ ನವೆಂಬರ್ 28ರಂದು ಆಪಲ್ ಕಂಪನಿಯ ಸರದಿ. ಹೈ ಸಿಯೆರಾ ಎಂಬ ಹೊಸ ವರ್ಷನ್ ಹಾಕಿದ ಮ್ಯಾಕ್ ಕಂಪ್ಯೂಟರುಗಳಲ್ಲಿ, ಹೆಸರಿನ ಜಾಗದಲ್ಲಿ ‘ರೂಟ್’ ಎಂದು ಬರೆದು, ಪಾಸ್‌ವರ್ಡ್ ಖಾಲಿ ಬಿಟ್ಟು, ಒಂದೆರಡು ಸಲ ಒತ್ತಿದರೆ ಕಂಪ್ಯೂಟರಿನ ಪೂರ್ಣ ಯಜಮಾನಿಕೆ ಸಿಗುತ್ತಿತ್ತು. ರೂಟ್ ಎಂದರೆ ಧಣಿಯ ಲಾಗಿನ್, ಎಲ್ಲ ಕೋಣೆಗೂ ಹೋಗುವ ಕೀಲಿ. ಹಳೆಯ ವರ್ಷನ್‌ನಲ್ಲಿ ಈ ದೋಷ ಇರಲಿಲ್ಲ. ಟರ್ಕಿಯ ಒಬ್ಬ ಸಾಫ್ಟ್‌ವೇರ್ ಕೆಲಸಗಾರ ಇದನ್ನು ಬಹಿರಂಗವಾಗಿ ಹೇಳಿದ ಮರುದಿನವೇ ಆಪಲ್ ರಿಪೇರಿ ಕಳಿಸಿತು. ಆಮೇಲೆ ಇನ್ನೊಂದು ತಮಾಷೆ ನಡೆಯಿತು. ಮೊದಲಿನ ವರ್ಷನ್‌ನಲ್ಲಿ ಇದ್ದು ರಿಪೇರಿ ಹಾಕಿಸಿಕೊಂಡವರು ಬಳಿಕ ಮುಂದಿನ ವರ್ಷನ್‌ಗೆ ಹೋದಾಗ ದೋಷ ಮತ್ತೆ ಹಾಜರು! ಹೊಸ ಬೀಗ ಹಾಕಿಸಿ, ಮರುದಿನ ಬಾಗಿಲನ್ನೇ ಬದಲಿಸಿದರೆ ಬೀಗ ಹಳೆಯ ಬಾಗಿಲಿನ ಜೊತೆ ಗುಜರಿಗೆ ಹೋದ ಹಾಗೆ.

ಬೆಂಗಳೂರಿನ ಕಥೆ ನಮಗೆ ಇನ್ನೂ ಹತ್ತಿರದ್ದು. 2016ರ ಫೆಬ್ರವರಿಯಲ್ಲಿ ಆನಂದ್ ಪ್ರಕಾಶ್ ಎಂಬ ತರುಣ ಅಲ್ಲಿ ಫ್ಲಿಪ್‌ಕಾರ್ಟ್ ಕಂಪನಿಯಲ್ಲಿ ಸುರಕ್ಷತೆಯ ಕೆಲಸದಲ್ಲಿದ್ದರು. ಫೇಸ್‌ಬುಕ್ ಪಾಸ್‌ವರ್ಡ್ ಮರೆತರೆ ಆರು ಅಂಕಿಯ ಕೋಡ್ ಕಳಿಸುತ್ತಾರೆ. ಆರು ಅಂಕಿ ಎಂದರೆ 10 ಲಕ್ಷ ಸಾಧ್ಯತೆ. ಒಂದೊಂದಾಗಿ ಎಲ್ಲ ಹಾಕಿ ನೋಡುವವರನ್ನು ತಡೆಯಲು, ಹತ್ತು ಹನ್ನೆರಡು ಸಲ ತಪ್ಪಾದ ಕೂಡಲೇ ಫೇಸ್‌ಬುಕ್ ಬಾಗಿಲು ಹಾಕುತ್ತಿತ್ತು. ಇದು ಮುಂಬಾಗಿಲಿನ ಮಾತು. ಹೊಸ ವರ್ಷನ್‌ಗಳನ್ನು ಮೊದಲು ಹಾಕಿ ನೋಡಲು ಅವರದೇ ಇನ್ನೊಂದು ಬಾಗಿಲು ಇತ್ತು, ಅಲ್ಲಿ ಈ ತಡೆಯನ್ನೇ ಹಾಕಿರಲಿಲ್ಲ. ಖಾತೆಗಳು ಮಾತ್ರ ಎರಡೂ ಕಡೆ ಅವೇ. ಪ್ರೋಗ್ರಾಮ್ ಹಚ್ಚಿ ಎಲ್ಲ ಕೋಡ್‌ಗಳನ್ನು ಹಾಕುತ್ತಾ ಹೋದರೆ ಯಾರ ಖಾತೆಯನ್ನಾದರೂ ತೆರೆಯಬಹುದಿತ್ತು. ಆನಂದ್ ಅವರು ತಮ್ಮದೇ ಖಾತೆಯ ಮೇಲೆ ಪ್ರಯೋಗ ಮಾಡಿ ತೋರಿಸಿ, ಕಂಪನಿಗೆ ತಿಳಿಸಿದರು. ಮರುದಿನವೇ ಸರಿಯಾಯಿತು, ಅವರಿಗೆ 15,000 ಡಾಲರ್ ಬಹುಮಾನ ಬಂತು, ಆಗಿನ ಲೆಕ್ಕದಲ್ಲಿ 10 ಲಕ್ಷ ರೂಪಾಯಿಯಷ್ಟು. ಪ್ರಾಮಾಣಿಕತೆಗೆ ಇಷ್ಟು ಬೆಲೆ ಕೊಡುವ ಧಣಿಗಳೂ ಇದ್ದಾರೆ!

ಇದೇ ಆನಂದ್ ಅವರು ಅದಕ್ಕೆ ಹಿಂದಿನ ವರ್ಷ, 2015ರಲ್ಲಿ, ನಾವೆಲ್ಲ ದಿನನಿತ್ಯ ವ್ಯವಹರಿಸುವ ಝೊಮ್ಯಾಟೊದಲ್ಲೂ ದೋಷ ಕಂಡುಹಿಡಿದಿದ್ದರು. ಅದು ಅಪ್‌ಗ್ರೇಡ್‌ನಿಂದ ಬಂದದ್ದೆಂದು ನಾನು ಹೇಳುವುದಿಲ್ಲ, ಆದರೆ ಎರಡನೇ ಬೀಗ ಎಂದರೇನು ಎಂಬುದಕ್ಕೆ ಇಷ್ಟು ಚೊಕ್ಕ ಉದಾಹರಣೆ ಬೇರೆ ಇಲ್ಲ. ನಾವು ನಮ್ಮ ಲಾಗಿನ್‌ನಿಂದ ಒಳಗೆ ಹೋಗಿ, ಅಲ್ಲಿನ ನಮ್ಮ ಗಿರಾಕಿ ನಂಬರಿನ ಬದಲು ಬೇರೆಯವರ ನಂಬರ್ ಹಾಕಿದರೆ ಅವರ ಫೋನ್, ಇಮೇಲ್ ವಿವರಗಳು ಬರುತ್ತಿದ್ದವು. ಆಗ ಅವರಲ್ಲಿ 6 ಕೋಟಿಗೂ ಹೆಚ್ಚು ಜನರ ಖಾತೆಗಳಿದ್ದವು. ಟೋಕನ್ ನಂಬರ್ 45 ಎಂದು ಬಾಯಲ್ಲಿ ಹೇಳಿದವನಿಗೆ, ಟೋಕನ್ ತೋರಿಸು ಎನ್ನದೆ ಪಾರ್ಸೆಲ್ ಕೊಟ್ಟುಬಿಟ್ಟ ಹಾಗೆ.

ನಮ್ಮ ಪುಣೆಯಲ್ಲೇ ಪ್ರಧಾನ ಕಚೇರಿ ಇರುವ ಬ್ಯಾಂಕ್ ಆಫ್ ಮಹಾರಾಷ್ಟ್ರದ ಪ್ರಕರಣ ನಿಮಗೆ ನೆನಪಿರಬಹುದು. ಯುಪಿಐ 2016ರಲ್ಲಿ ಹೊಸದಾಗಿ ಬಂತು, ಹಲವು ಬ್ಯಾಂಕುಗಳು ತಮ್ಮ ಸಾಫ್ಟ್‌ವೇರಿಗೆ ಅದನ್ನು ಜೋಡಿಸಿದವು. ಈ ಬ್ಯಾಂಕಿನ ಯುಪಿಐ ಸಾಫ್ಟ್‌ವೇರಿನಲ್ಲಿದ್ದ ದೋಷದಿಂದ, ಕಳಿಸುವವನ ಖಾತೆಯಲ್ಲಿ ಹಣವಿಲ್ಲದಿದ್ದರೂ ಪಡೆಯುವವನಿಗೆ ಹಣ ಹೋಗುತ್ತಿತ್ತು. ಸುಮಾರು 25 ಕೋಟಿ ರೂಪಾಯಿ ಹೀಗೆ ಹೋಯಿತೆಂದು 2017ರ ಮಾರ್ಚ್‌ನಲ್ಲಿ ಹೊರಬಂತು. ಅಲ್ಲಿ ತಪ್ಪಿದ್ದು ಪಾಸ್‌ವರ್ಡ್ ಅಲ್ಲ, ‘ಇವನಿಗೆ ಇದನ್ನು ಮಾಡಲು ಬಿಡಬಹುದೇ’ ಎಂದು ನೋಡಬೇಕಾದ ಎರಡನೇ ಬೀಗ.

ಈ ಕಥೆಗಳಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದು ಸಂಗತಿ. ಬೀಗ ಬಿಗಿಯಾದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕ್ಯಾಷಿಯರ್ ಓಡಿ ಬಂದು, ಅಣ್ಣಾ ಲಾಗಿನ್ ಆಗುತ್ತಿಲ್ಲ ಎಂದು ಗಲಾಟೆ ಮಾಡುತ್ತಾನೆ. ಬೀಗ ಸಡಿಲವಾದರೆ ಯಾರೂ ಬಂದು ಹೇಳುವುದಿಲ್ಲ. ಒಳ್ಳೆಯವನು ಆ ಬಟನ್ ಮುಟ್ಟುವುದೇ ಇಲ್ಲ, ಹಾಗಾಗಿ ಅವನಿಗೆ ಗೊತ್ತಿಲ್ಲ. ಕೆಟ್ಟವನಿಗೆ ಗೊತ್ತಾದರೂ ಹೇಳುವುದಿಲ್ಲ. ಫೇಸ್‌ಬುಕ್‌ನಲ್ಲಿ 2017ರ ಜುಲೈಯಲ್ಲಿ ವಿಡಿಯೊ ಹಾಕುವ ಸೌಲಭ್ಯವನ್ನು ಬದಲಿಸಿದಾಗ ಹೊಕ್ಕ ದೋಷ ಪತ್ತೆಯಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ಹದಿನಾಲ್ಕು ತಿಂಗಳು! ಕಳ್ಳರು ಅಷ್ಟರಲ್ಲಿ ಸುಮಾರು 3 ಕೋಟಿ ಜನರ ಖಾತೆಗಳ ಕೀಲಿ ಹಾರಿಸಿದ್ದರು. ಅಲ್ಲಿ ಸಾವಿರಾರು ಇಂಜಿನಿಯರುಗಳಿದ್ದೂ ಇಷ್ಟು ಕಾಲ ಹಿಡಿಯಿತು. ನಮ್ಮಲ್ಲಿ ಇಂಜಿನಿಯರ್ ಎಂದರೆ ಫ್ರಿಜ್ ರಿಪೇರಿಗೆ ಬರುವವನು ಮಾತ್ರ.

ನಮ್ಮ ಉದ್ಯಮದಲ್ಲಿ ಎಲ್ಲರೂ ಒಟ್ಟಿಗೆ ಅಪ್‌ಗ್ರೇಡ್ ಮಾಡಿದ ಕಾಲವೆಂದರೆ ಜಿಎಸ್‌ಟಿ. 2017ರ ಜುಲೈ 1ರಂದು ಎಸಿ ಇಲ್ಲದ ಹೋಟೆಲಿಗೆ ಶೇಕಡ 12, ಎಸಿ ಇದ್ದರೆ 18 ಎಂದು ಬಂತು. ಸಾಫ್ಟ್‌ವೇರ್ ಬದಲಿಸಿ ಉಸಿರು ಬಿಡುವಷ್ಟರಲ್ಲಿ, ನವೆಂಬರ್ 15ರಿಂದ ಎರಡಕ್ಕೂ ಶೇಕಡ 5, ಇನ್‌ಪುಟ್ ಕ್ರೆಡಿಟ್ ಇಲ್ಲ. ನಾಲ್ಕೂವರೆ ತಿಂಗಳಲ್ಲಿ ಎರಡು ಅಪ್‌ಗ್ರೇಡ್, ಎರಡೂ ತರಾತುರಿಯಲ್ಲಿ. ಕಂಪನಿಯ ಹುಡುಗರು ಒಂದು ರಾತ್ರಿಗೆ ನಲವತ್ತು ಐವತ್ತು ಹೋಟೆಲು ಮುಗಿಸುತ್ತಿದ್ದರು. 2025ರ ಸೆಪ್ಟೆಂಬರ್ 22ರಂದು ಮತ್ತೆ ದರಗಳು ಬದಲಾದವು. ನಮ್ಮ ಊಟ ತಿಂಡಿಗೆ 5 ಹಾಗೇ ಉಳಿದರೂ, ಕೌಂಟರಿನಲ್ಲಿ ಮಾರುವ ಪ್ಯಾಕ್ ಮಾಡಿದ ನಮ್ಕೀನ್ 12ರಿಂದ 5ಕ್ಕೆ ಇಳಿದದ್ದರಿಂದ ಮತ್ತೊಂದು ಅಪ್‌ಗ್ರೇಡ್ ಆಯಿತು.

2017ರ ನವೆಂಬರಿನ ಆ ಅಪ್‌ಗ್ರೇಡ್ ಆದ ಮೂರನೇ ದಿನ ನಮ್ಮ ಕ್ಯಾಪ್ಟನ್ ಮಧ್ಯಾಹ್ನದ ರಶ್ ಮುಗಿದ ಮೇಲೆ ಬಂದು, “ಅಣ್ಣಾ, ನನ್ನ ನಂಬರಿನಲ್ಲಿ ಪ್ರಿಂಟ್ ಆದ ಬಿಲ್ ಕ್ಯಾನ್ಸಲ್ ಮಾಡ್ಲಿಕ್ಕೆ ಆಗ್ತದೆ, ಮೊದಲು ಆಗ್ತಿರಲಿಲ್ಲ. ನೀವು ಕೊಟ್ಟದ್ದಾ?” ಎಂದು ಕೇಳಿದ. ನಾನು ಕೊಟ್ಟಿರಲಿಲ್ಲ. ಪ್ರಿಂಟ್ ಆದ ಬಿಲ್ ಕ್ಯಾನ್ಸಲ್ ಆಗುವುದೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಗಿರಾಕಿ 640 ರೂಪಾಯಿ ನಗದು ಕೊಟ್ಟು ಹೋಗುತ್ತಾನೆ, ಬಿಲ್ ಕ್ಯಾನ್ಸಲ್, ಹಣ ಜೇಬಿಗೆ, ರಾತ್ರಿ ಗಲ್ಲಾ ಲೆಕ್ಕ ತಾಳೆ. ಕಂಪನಿಗೆ ಫೋನ್ ಮಾಡಿದರೆ, ಹೊಸ ವರ್ಷನ್‌ನಲ್ಲಿ ಎಲ್ಲ ಅಧಿಕಾರ ಆನ್ ಆಗಿಯೇ ಬರುತ್ತದೆ, ಬೇಡದ್ದನ್ನು ನೀವೇ ಆಫ್ ಮಾಡಿಕೊಳ್ಳಬೇಕು ಎಂಬ ಉತ್ತರ! ಮೂರು ದಿನ ಒಂದು ಮಾತು ಹೇಳಿರಲಿಲ್ಲ. ಕ್ಯಾಪ್ಟನಿಗೆ ಆ ದೀಪಾವಳಿ ಕಳೆದಿದ್ದರೂ ಇನ್ನೊಂದು ಬೋನಸ್ ಕೊಟ್ಟೆ.

ಮುಂಢ್ವಾ ಕಡೆಯ ಮಿತ್ರರೊಬ್ಬರಲ್ಲಿ ನಡೆದದ್ದು ಇದಕ್ಕಿಂತ ಬೇಸರದ ವಿಷಯ. ಅವರಲ್ಲಿ ಅಪ್‌ಗ್ರೇಡ್ ಆದ ಮೇಲೆ ವಾರಕ್ಕೆ ನಾಲ್ಕೈದು ಕ್ಯಾನ್ಸಲ್ ಬಿಲ್ ಬರತೊಡಗಿದವು, ಎಲ್ಲವೂ ಒಬ್ಬ ಕ್ಯಾಷಿಯರ್ ಹುಡುಗನ ಹೆಸರಿನಲ್ಲಿ. ಹುಡುಗ ಕುಂದಾಪುರ ಕಡೆಯವನು, ಆರು ವರ್ಷ ಅಲ್ಲಿಯೇ ದುಡಿದವನು. ನಾನು ಮಾಡಿಲ್ಲ ಎಂದು ಅತ್ತ. ಯಾರೂ ನಂಬಲಿಲ್ಲ, ಲೆಕ್ಕ ಬಿಟ್ಟು ಊರಿಗೆ ಹೋದ. ಅವನು ಹೋದ ಮೇಲೂ ಅವನ ಹೆಸರಿನಲ್ಲೇ ಕ್ಯಾನ್ಸಲ್ ಬಂದಾಗ ಎಲ್ಲರ ಕಣ್ಣು ತೆರೆಯಿತು. ಅಪ್‌ಗ್ರೇಡ್‌ನಲ್ಲಿ ಎಲ್ಲರ ಪಿನ್ ನಂಬರ್ ಒಂದೇ ಆಗಿಬಿಟ್ಟಿತ್ತು, ಯಾರು ಯಾರ ಹೆಸರಿನಲ್ಲಿ ಬೇಕಾದರೂ ಒಳಗೆ ಹೋಗಬಹುದಿತ್ತು. ಹುಡುಗನಿಗೆ ಫೋನ್ ಮಾಡಿ ಕರೆದರು, ಬರಲಿಲ್ಲ. ಅಲ್ಲಿಯೇ ಕ್ಯಾಂಟೀನ್ ಇಟ್ಟುಕೊಂಡಿದ್ದಾನಂತೆ. ಹಣ ಹೋದರೆ ದುಡಿಯಬಹುದು ಸ್ವಾಮಿ, ಆರು ವರ್ಷದ ಹುಡುಗನನ್ನು ಎಲ್ಲಿಂದ ತರುವುದು? ಕಂಪ್ಯೂಟರ್ ಒಂದು ಹೆಸರು ತೋರಿಸಿತು ಎಂದ ಮಾತ್ರಕ್ಕೆ ಅವನೇ ಮಾಡಿದ್ದು ಎಂದಾಗುವುದಿಲ್ಲ. ಆ ಹೆಸರಿನ ಬೀಗ ಭದ್ರವಾಗಿತ್ತೇ ಎಂದು ಮೊದಲು ನೋಡಬೇಕು.

ನಮ್ಮಲ್ಲಿ ದಿನಾ ಊಟಕ್ಕೆ ಬರುವ ಒಬ್ಬ ಹುಡುಗಿ ಟೆಸ್ಟಿಂಗ್ ಕೆಲಸದವಳು, ಗದಗ ಕಡೆಯವಳು. ಅವಳು ಹೇಳಿಕೊಟ್ಟ ಉಪಾಯ ಬಹಳ ಸುಲಭದ್ದು. “ಅಂಕಲ್, ನೀವು ಅಪ್‌ಗ್ರೇಡ್ ಆದ ಮೇಲೆ ನಿಮ್ಮ ಲಾಗಿನ್ ಹಾಕಿ ನೋಡ್ತೀರಿ. ನಿಮಗ ಎಲ್ಲಾ ತೆರೀತದ, ಅದರಾಗೇನು ಗೊತ್ತಾಗ್ತದ? ಎಲ್ಲಾರಿಗಿಂತ ಸಣ್ಣ ಹುಡುಗನ ಲಾಗಿನ್ ಹಾಕಿ, ಅವ ಮಾಡಬಾರದ್ದನ್ನೆಲ್ಲಾ ಮಾಡಿ ನೋಡ್ರಿ.” ಅಂದಿನಿಂದ ನಾನು ಅದನ್ನೇ ಮಾಡುತ್ತಿದ್ದೇನೆ. ಅಪ್‌ಗ್ರೇಡ್ ಆದ ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲು, ಸಪ್ಲೈಯರ್ ನಂಬರಿನಿಂದ ಒಳಗೆ ಹೋಗಿ ಬಿಲ್ ಕ್ಯಾನ್ಸಲ್, ಡಿಸ್ಕೌಂಟ್, ಕೆಓಟಿ ಅಳಿಸುವುದು, ರೇಟು ಬದಲಿಸುವುದು, ನಿನ್ನೆಯ ವ್ಯಾಪಾರ ನೋಡುವುದು, ಎಲ್ಲ ಒತ್ತಿ ನೋಡುತ್ತೇನೆ. ಆಗದು ಎಂದು ಬಂದರೆ ಸರಿ. ಆಮೇಲೆ ಕ್ಯಾಪ್ಟನ್ ನಂಬರ್, ಆಮೇಲೆ ಕ್ಯಾಷಿಯರ್ ನಂಬರ್. ಪಾಸ್‌ವರ್ಡ್ ತಪ್ಪಾಗಿ ಹಾಕಿ ಒಂದು ಸಲ, ಖಾಲಿ ಬಿಟ್ಟು ಒಂದು ಸಲ. ಕೆಲಸ ಬಿಟ್ಟವರ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು. ಮೊಬೈಲ್ ಆ್ಯಪ್ ಇದ್ದರೆ ಅದರಲ್ಲೂ ಇದೇ ಕ್ರಮ, ಅದು ಬೇರೆ ಬಾಗಿಲು ಎಂಬುದನ್ನು ಮರೆಯಬಾರದು. ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ. ಇದಕ್ಕೆ ಮೊದಲು ಯಾರಿಗೆ ಏನು ಅಧಿಕಾರ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುವುದು? ನನ್ನ ಹಾಳೆ ಗಲ್ಲಾದ ಹಿಂದೆ, ಗಣಪತಿ ಫೋಟೊದ ಕೆಳಗೆ ಇದೆ.

ಒಬ್ಬೊಬ್ಬನಿಗೂ ಬೇರೆ ಬೇರೆ ನಂಬರ್ ಇರಲೇಬೇಕು. ರಶ್ ಹೊತ್ತಿನಲ್ಲಿ ಯಾರು ಲಾಗೌಟ್ ಮಾಡುತ್ತಾರೆ ಎಂದು ಎಲ್ಲರಿಗೂ ಒಂದೇ ಪಿನ್ ಕೊಡುವ ಪದ್ಧತಿ ನಮ್ಮ ಎಷ್ಟೋ ಸದಸ್ಯರಲ್ಲಿದೆ. ಹಾಗಿದ್ದರೆ ಮೇಲಿನ ಪರೀಕ್ಷೆಯಿಂದ ಪ್ರಯೋಜನವೇ ಇಲ್ಲ.

ಕಂಪನಿಯವರಿಗೂ ಎರಡು ಮಾತು ಕೇಳಬೇಕು, ಸಾಧ್ಯವಾದರೆ ಬರಹದಲ್ಲಿ. ಈ ವರ್ಷನ್‌ನಲ್ಲಿ ಅಧಿಕಾರಗಳ ಪಟ್ಟಿಯಲ್ಲಿ ಏನು ಬದಲಾಗಿದೆ, ಹೊಸ ಅಧಿಕಾರಗಳು ಆನ್ ಆಗಿ ಬರುತ್ತವೆಯೋ ಆಫ್ ಆಗಿಯೋ? ನಿಮ್ಮವರ ಲಾಗಿನ್ ಒಳಗೆ ಉಳಿದಿದೆಯೇ? ಉತ್ತರ ಕೊಡದವರನ್ನು ಬದಲಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಹಾಗೆಂದು ಅಪ್‌ಗ್ರೇಡೇ ಬೇಡ ಎನ್ನಬೇಡಿ. ಹಳೆಯ ವರ್ಷನ್‌ನಲ್ಲಿ ಕಳ್ಳರಿಗೆ ಆಗಲೇ ಗೊತ್ತಿರುವ ತೂತುಗಳಿರುತ್ತವೆ, ಅವನ್ನು ಮುಚ್ಚಲಿಕ್ಕೂ ಅಪ್‌ಗ್ರೇಡೇ ಬೇಕು.

ಕ್ಯಾಟರಿಂಗ್ ಮಾಡುವವರು ಇನ್ನೊಂದು ವಿಷಯ ಗಮನಿಸಬೇಕು. ಮದುವೆ, ಗೃಹಪ್ರವೇಶದ ಆರ್ಡರ್ ಎಂದರೆ ಮನೆಯವರ ಹೆಸರು, ಫೋನ್, ವಿಳಾಸ, ಯಾವ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬುದು ಕೂಡ ನಮ್ಮ ಕಂಪ್ಯೂಟರಿನಲ್ಲಿರುತ್ತದೆ. ಇದು ತಪ್ಪಿದವರ ಕೈಗೆ ಹೋದರೆ ಏನಾಗಬಹುದು ಯೋಚಿಸಿ. ಜನರ ಖಾಸಗಿ ಮಾಹಿತಿ ಕಾಪಾಡುವ ಕಾನೂನು 2023ರಲ್ಲಿ ಆಗಿದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಹಂತಹಂತವಾಗಿ ಜಾರಿಗೆ ಬರುವಂಥದ್ದು, ದಂಡದ ಮೊತ್ತ ಕೋಟಿಗಳಲ್ಲಿದೆ. ಹಣವೇ ಹೋಗಿದೆ ಎಂದು ಗೊತ್ತಾದರೆ ತಡಮಾಡದೆ 1930 ನಂಬರಿಗೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಅಪ್‌ಗ್ರೇಡ್ ಯಾವ ದಿನ ಎಂಬುದನ್ನೂ ನಾವೇ ಹೇಳಬೇಕು, ಕಂಪನಿಯವರಿಗೆ ಬಿಡಬಾರದು. ನಮ್ಮ ಮಗರಪಟ್ಟಾದಲ್ಲಿ ಆಫೀಸುಗಳಿಗೆ ಶನಿವಾರ ಭಾನುವಾರ ರಜೆ, ವ್ಯಾಪಾರ ತಣ್ಣಗೆ. ಹಾಗಾಗಿ ನಾನು ಶುಕ್ರವಾರ ರಾತ್ರಿ ಎಂದೇ ಹೇಳುತ್ತೇನೆ. ದೇವಸ್ಥಾನ, ಮಾರ್ಕೆಟ್ ಕಡೆ ಇರುವವರಿಗೆ ಸೋಮವಾರ ರಾತ್ರಿ ಸರಿಯಾದೀತು. ತಿಂಗಳ ಕೊನೆ ಬೇಡ, ಗಣಪತಿ ಹಬ್ಬದ ವಾರ ಬೇಡವೇ ಬೇಡ. ಬೆಳಿಗ್ಗೆ ಪರೀಕ್ಷೆ ಮಾಡುವಾಗ ಕಂಪನಿಯ ಹುಡುಗ ಫೋನಿನಲ್ಲಿ ಸಿಗುವಂತಿರಬೇಕು ಎಂದು ಮೊದಲೇ ಒಪ್ಪಿಸಿಕೊಳ್ಳಿ. ಅಧಿಕಾರಗಳ ಹಾಳೆಯ ಒಂದು ಮಾದರಿ ನನ್ನಲ್ಲಿದೆ, ಬೇಕಾದ ಸದಸ್ಯರು ಮುಂದಿನ ಸಭೆಯಲ್ಲಿ ಕೇಳಿದರೆ ಜೆರಾಕ್ಸ್ ಕೊಡುತ್ತೇನೆ.